ಮೇಸ್ತ್ರಿ ಮಗಳ ಪಾದದ ಅಳತೆ

ಯಾರದು ಮನೆಯ ವಾಟ್ಸಾಪ್ ಗುಂಪಿನಲ್ಲಿ 'ತಾತನಿಗೆ ಅರಳುಮರಳು, ಕಥೆ ಕಟ್ತಾರೆ' ಅಂತ ಹಾಕಿದ್ದು? ಅಳಿಯಂದಿರೇ, ನೀವೇ ತಾನೇ? ನಿನ್ನೆ ಇಟ್ಟ ಕನ್ನಡಕ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ, ಒಪ್ಕೋತೀನಿ. ಆದ್ರೆ ಜೈಲಿನ ಟಪಾಲು ಕೋಣೇಲಿ ಕೂತು ಇಪ್ಪತ್ತೆರಡು ವರ್ಷ ಕಂಡೋರ ಕಾಗದ ಒಡೆದು ಓದಿದೋನು ನಾನು. ನಿಮ್ಮ ಮದುವೆ ತಾರೀಖು ಮರೆತೇನು, ಆ ಕಾಗದಗಳನ್ನ ಮರೆಯಲ್ಲ. ಬಾಯ್ ಮುಚ್ಕೊಂಡು ಈ ವಾಯ್ಸ್ ಮೆಸೇಜ್ ಪೂರ್ತಿ ಕೇಳಿ.

ಒಳಗೊಬ್ಬ ಇದ್ದ. ಬೂಟು ಹೊಲಿಯೋದ್ರಲ್ಲಿ ಎತ್ತಿದ ಕೈ. ಎಲ್ಲರೂ ಮೇಸ್ತ್ರಿ ಅಂತಿದ್ವಿ. ಏನು ಮಾಡಿ ಬಂದಿದ್ದ ಅಂತ ಕೇಳ್ಬೇಡಿ. ತಪ್ಪು ಮಾಡಿದ್ದ, ಬಂದಿದ್ದ. ಹೊರಗೆ ಹೆಂಡ್ತಿ, ಏಳು ವರ್ಷದ ಮಗಳು. ಮಗೂಗೆ ಹುಟ್ಟಿನಿಂದ ಎಡಗಾಲು ಒಳಕ್ಕೆ ತಿರುಗಿತ್ತು. ಅಂಗಡಿ ಬೂಟು ಹಾಕಿದ್ರೆ ನಾಲ್ಕು ಹೆಜ್ಜೆಗೇ ಬೊಬ್ಬೆ. ಅಪ್ಪ ಹೊಲಿದಿದ್ದೇ ಆಗ್ಬೇಕು. ಇದ್ದ ಜೋಡಿ ಚಿಕ್ಕದಾಯ್ತು, ಹುಡುಗಿ ಸ್ಕೂಲಿಗೆ ಹೋಗೋದೇ ನಿಂತ್ಹೋಯ್ತು. ಮೇಸ್ತ್ರಿ ನಮ್ಮ ಜೈಲಿನ ಸಾಹೇಬರ ಕಾಲು ಹಿಡಿದು, ಅಲ್ಲಿನ ಕಾರ್ಖಾನೇಲೇ ಒಂದು ಜೋಡಿ ಹೊಲಿದು ಕಳಿಸೋಕೆ ಒಪ್ಪಿಗೆ ತಗೊಂಡ. ಹೆಂಡ್ತಿ ಮಗಳನ್ನ ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು ಕಳಿಸಿದ್ಳು. ಅವರ ಕಸುಬಲ್ಲಿ ಅಳತೆ ಅಂದ್ರೆ ಅದೇ.

ನಮ್ಮಲ್ಲೊಂದು ಕಾನೂನು. ಹೊರಗಿನ ಕಾಗದ ಹಾಗೇ ಒಳಗೆ ಹೋಗಂಗಿಲ್ಲ. ಅಮಲಿನ ಮದ್ದು ಸವರಿ ಕಳಿಸೋರಿದ್ದಾರಲ್ಲ, ಅದಕ್ಕೆ. ಜೆರಾಕ್ಸ್ ತೆಗೆದು, ಸೀಲ್ ಒತ್ತಿ ಅದನ್ನ ಕೊಡ್ತಿದ್ವಿ. ಅಸಲು ಫೈಲಿಗೆ.

ಹದಿನೈದು ದಿನಕ್ಕೆ ಬೂಟು ಹೋಯ್ತು. ಇನ್ನೊಂದು ವಾರಕ್ಕೆ ನನ್ನ ಮೇಜಿಗೇ ವಾಪಸ್ ಬಂತು, ಜೊತೆಗೊಂದು ಕಾಗದ. 'ಬೆರಳು ಮಡಚಿದ್ರೂ ಹೋಗಲ್ಲ. ಅಪ್ಪಂಗೆ ನನ್ನ ಕಾಲು ಮರೆತೋಯ್ತಾ ಅಂತ ಕೇಳ್ತಾಳೆ. ಏನು ಹೇಳ್ಲಿ?'

ಮೇಸ್ತ್ರಿ ಅದನ್ನ ಓದಿ ಉಳಿ ಕೆಳಗಿಟ್ಟ. "ನನ್ನ ಕೈ ಹೋಯ್ತು ಸಾರ್. ಗೋಣಿಚೀಲ ಹೊಲಿಯೋ ಕಡೆ ಹಾಕ್ಬಿಡಿ," ಅಂದ. ಕುಣಿಯಲಾರದೆ ನೆಲ ಡೊಂಕು ಅನ್ನೋರನ್ನ ಬೇಕಾದಷ್ಟು ನೋಡಿದ್ದೀನಿ. ನೆಲವೇ ಡೊಂಕಿದ್ದಾಗ್ಲೂ ನನ್ನ ಕಾಲೇ ಸರಿಯಿಲ್ಲ ಅಂದೋನು ಇವನೊಬ್ಬ.

ಮನಸ್ಸು ತಡೀಲಿಲ್ಲ. ಫೈಲಿಂದ ಅಸಲು ತೆಗೆದು, ಅದರ ಗೆರೆ ಮೇಲೆ ಬೂಟು ಇಟ್ಟೆ. ಒಂದು ಹೆಬ್ಬೆರಳ ಅಗಲದಷ್ಟು ಗಿಡ್ಡ! ಆಗ ಹೊಳೀತು. ಸೀಲಿಗೆ ಮೇಲ್ಗಡೆ ಜಾಗ ಇರ್ಲಿ ಅಂತ ಬಂದ ಕಾಗದವನ್ನೆಲ್ಲ ಮೆಷಿನ್ನಲ್ಲಿ ಹತ್ತರಲ್ಲೊಂದು ಪಾಲು ಕುಗ್ಗಿಸಿ ತೆಗೀತಿದ್ದೋನು ನಾನೇ. ಅಕ್ಷರ ಕುಗ್ಗಿದ್ರೆ ಯಾರಿಗೇನು? ಇಲ್ಲಿ ಪಾದವೇ ಕುಗ್ಗಿತ್ತು.

ಎರಡು ದಿನ ಬಾಯಿಬಿಡಲಿಲ್ಲ. ಕೈದಿ ಮುಂದೆ ತಪ್ಪು ಒಪ್ಕೊಳ್ಳೋದಾ? ಆದ್ರೂ ಮೂರನೇ ದಿನ, ಕಾನೂನು ಹಾಳಾಗ್ಲಿ ಅಂತ, ಅಸಲನ್ನ ಜೇಬಲ್ಲಿಟ್ಕೊಂಡು ಕಾರ್ಖಾನೆಗೆ ಹೋದೆ.

"ಮೇಸ್ತ್ರಿ, ಮೋಸ ಮಾಡಿದ್ದು ನಿನ್ನ ಕೈಯಲ್ಲ ಕಣಯ್ಯಾ, ನಾನು. ತಗೋ," ಅಂತ ಎಲ್ಲ ಹೇಳ್ದೆ.

ಬೈತಾನೆ ಅಂದ್ಕೊಂಡಿದ್ದೆ. ಅವನು ಕಾಗದ ಬಿಡಿಸಿ, ಆ ಗೆರೆಯೊಳಗೆ ಅಂಗೈ ಇಟ್ಟ. ಆಮೇಲೆ, "ಇಷ್ಟು ಬೆಳೆದಿದ್ದಾಳಾ ಸಾರ್?" ಅಂದ.

ಎರಡನೇ ಜೋಡಿ ಸರಿಹೋಯ್ತು. 'ಓಡ್ತಾಳೆ' ಅಂತ ಒಂದೇ ಮಾತಿನ ಕಾಗದ ಬಂತು. ಅವತ್ತಿಂದ ನಾನು ಕಾಗದ ಕುಗ್ಗಿಸೋದು ಬಿಟ್ಟು, ಸೀಲನ್ನ ಜೆರಾಕ್ಸಿನ ಹಿಂದುಗಡೆ ಒತ್ತೋಕೆ ಶುರುಮಾಡ್ದೆ.

ಇಷ್ಟಕ್ಕೇ ಮುಗಿಸಿದ್ರೆ ನಾನು ದೊಡ್ಡ ಮನುಷ್ಯ. ಮುಗೀಲಿಲ್ಲ. ಮೊದಲನೇ ಜೋಡಿ ಯಾಕೆ ಗಿಡ್ಡ ಆಯ್ತು ಅಂತ ಅವನು ಮನೆಗೆ ಬರೆದಿದ್ದ. ಜೈಲು ಕಚೇರಿ ವಿಷಯ ಹೊರಗೆ ಹೋಗಂಗಿಲ್ಲ. ಆ ಸಾಲಿಗೆ ಮಸಿ ಬಳಿದೋನೂ ನಾನೇ. ಕೆಲಸ ಹೋದೀತು ಅನ್ನೋ ಪುಕ್ಕಲುತನ. ಆಮೇಲೆ ಅವನನ್ನ ದೂರದ ಜೈಲಿಗೆ ಹಾಕಿದ್ರು. ಮನೆಯೋರಿಗೆ ಹೇಳಿದ್ನೋ ಇಲ್ವೋ, ಗೊತ್ತಾಗ್ಲಿಲ್ಲ. ಹುಡುಗಿ ಈಗ ಮಕ್ಕಳ ತಾಯಿ ಆಗಿರ್ತಾಳೆ. ಅಪ್ಪ ಒಂದ್ಸಲ ತನ್ನ ಕಾಲು ಮರೆತಿದ್ದ ಅಂತ್ಲೇ ನಂಬಿರ್ತಾಳೋ ಏನೋ.

ಅದಕ್ಕೇ ಅಳಿಯಂದಿರೇ, ನನ್ನ ಜ್ಞಾಪಕಶಕ್ತಿ ಅಳೆಯೋದು ಬಿಟ್ಟು ಇದನ್ನ ನಾಲ್ಕು ಜನಕ್ಕೆ ಕಳಿಸಿ. ಅವರು ಇನ್ನು ನಾಲ್ಕು ಜನಕ್ಕೆ ಕಳಿಸ್ಲಿ. ಎಡಗಾಲು ಒಳಕ್ಕೆ ತಿರುಗಿರೋ ಒಬ್ಬಳ ಕಿವಿಗೆ ಬೀಳೋವರೆಗೂ ಕಳಿಸ್ತಾನೇ ಇರಿ.