ಮೂಗಿಗೆ ಕಟ್ಟುವ ಬಟ್ಟೆ

ಆ ಬೇಕರಿಯಲ್ಲಿ ಮೂಗಿಗೆ ಬಟ್ಟೆ ಕಟ್ಟದೆ ಯಾರೂ ಹಿಟ್ಟು ಜರಡಿ ಹಿಡಿಯುವಂತಿರಲಿಲ್ಲ. ಅಪ್ಪ ಬಾಳೆಲ್ಲ ಬರಿಮೂಗಿನಲ್ಲೇ ಜರಡಿ ಹಿಡಿದು, ಕೊನೆಗಾಲಕ್ಕೆ ಮಾತಿಗೊಮ್ಮೆ ಏದುಸಿರು ಬಿಡುತ್ತ ತೀರಿಕೊಂಡ ಮೇಲೆ ಮಗ ತಂದ ಕಟ್ಟುಪಾಡು ಅದು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರನ್ನೂ ಅವನು ಬಟ್ಟೆ ಕಟ್ಟಿಸಿಯೇ ಒಳಗೆ ಬಿಟ್ಟಿದ್ದ.

ಅಂಥವನು ಈಗ ಹೊತ್ತು ಸಿಕ್ಕಾಗಲೆಲ್ಲ ಹಿಂಬಾಗಿಲಲ್ಲಿ ನಿಂತು ವೇಪ್ ಎಂಬ ಎಲೆಕ್ಟ್ರಾನಿಕ್ ಸಿಗರೇಟು ಎಳೆಯುತ್ತಿದ್ದ. ಸಿಗರೇಟು ಬಿಟ್ಟ ಹೆಮ್ಮೆಯಲ್ಲಿ ಹಿಡಿದ ಚಟ. ಸಿಗರೇಟಾದರೆ ಸುಟ್ಟು ಮುಗಿಯುತ್ತಿತ್ತು, ಇದಕ್ಕೆ ಮುಗಿಯುವುದೇ ಗೊತ್ತಿರಲಿಲ್ಲ. ಒಳಗೆ ಕೇಕಿಗೆ ಐಸಿಂಗ್ ಹಾಕುತ್ತಿದ್ದ ಅಕ್ಕನಿಗೆ ಅವನ ಕೆಮ್ಮು ಕೇಳಿದಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಅಪ್ಪನ ಕೆಮ್ಮೂ ಹೀಗೇ, ಏನೂ ಅಲ್ಲವೆಂಬಂತೆ ಶುರುವಾಗಿತ್ತು.

ಅದನ್ನು ಬಿಡು ಎಂದು ಅವಳು ಬೆನ್ನುಹತ್ತಿದಾಗ ಅವನು ಎರಡು ಬಾಟಲಿ ತಂದು ಮೇಜಿನ ಮೇಲಿಟ್ಟ. ಒಂದು ಅವಳ ವೆನಿಲ್ಲಾ ಎಸೆನ್ಸು, ಇನ್ನೊಂದು ಅವನ ವೇಪಿಗೆ ತುಂಬುವ ದ್ರವ. ಎರಡರ ಮೇಲೂ ಪ್ರೊಪಿಲೀನ್ ಗ್ಲೈಕಾಲ್ ಎಂಬ ಒಂದೇ ರಾಸಾಯನಿಕದ ಹೆಸರು ಬರೆದಿತ್ತು.

"ಊರ ಮಕ್ಕಳಿಗೆಲ್ಲ ನೀನು ತಿನ್ನಿಸಬಹುದು, ನಾನು ಎಳೆದ್ರೆ ತಪ್ಪಾ ಅಕ್ಕ?"

ಅವಳು ತಲೆ ತಗ್ಗಿಸಿ ಮತ್ತೆ ಐಸಿಂಗಿಗೆ ತಿರುಗಿದಳು. ಅಷ್ಟೇ ಸಾಕಾಯಿತು ಅವನಿಗೆ. ಬಾಟಲಿಗಳನ್ನು ಗಲ್ಲಾದ ಪಕ್ಕದಲ್ಲೇ ನಿಲ್ಲಿಸಿಕೊಂಡು, ಬನ್ನು ಕೇಳಲು ಬಂದವರಿಗೂ ತನ್ನ ವಾದ ಒಪ್ಪಿಸತೊಡಗಿದ. ಜನ ತಲೆದೂಗಿ, ಚಿಲ್ಲರೆ ತೆಗೆದುಕೊಂಡು ಹೋಗುತ್ತಿದ್ದರು.

ಮೊಮ್ಮಗಳ ಹುಟ್ಟುಹಬ್ಬದ ಕೇಕು ಒಯ್ಯಲು ಬಂದ ಟೀಚರಮ್ಮ ಮಾತ್ರ ಎರಡೂ ಬಾಟಲಿ ಎತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಆಮೇಲೆ ಕೇಕಿನ ಡಬ್ಬಿಯನ್ನು ಅವನತ್ತಲೇ ತಳ್ಳಿದರು.

"ಅಂದ್ರೆ ನೀವು ಸೇದೋದನ್ನ ನನ್ನ ಮೊಮ್ಮಗಳಿಗೆ ತಿನ್ನಿಸ್ತಿದ್ದೀರಾ?"

ಅವರ ಹಿಂದೆ ನಿಂತಿದ್ದ ಹೆಂಗಸು ಕೈಯಲ್ಲಿದ್ದ ಬನ್ನನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟಳು.

ಅವನು ಡಬ್ಬಿಯನ್ನು ಮತ್ತೆ ಅವರತ್ತ ಸರಿಸಿದ. "ಛೆ, ಇಲ್ಲಮ್ಮ. ಕೇಕಿಗೆ ಬೀಳೋದು ಚೂರೇ ಚೂರು. ತಿನ್ನೋದಕ್ಕೆ ಅಂತ ಪರೀಕ್ಷೆ ಮಾಡಿ, ಇಷ್ಟರೊಳಗೇ ಇರ್ಬೇಕು ಅಂತ ಮಿತಿ ಹಾಕಿದ್ದಾರೆ. ಹೊಟ್ಟೆಗೆ ಹೋದ್ರೆ ಅರಗುತ್ತೆ. ಎದೆಗೆ ಎಳ್ಕೊಳ್ಳೋ ಮಾತೇ ಬೇರೆ. ಹಿಟ್ಟನ್ನೇ ತಗೊಳ್ಳಿ. ದಿನಾ ತಿಂತೀವಿ, ಆದ್ರೂ ಜರಡಿ ಹಿಡಿಯೋವಾಗ ಮೂಗಿಗೆ ಬಟ್ಟೆ ಕಟ್ತೀವಿ. ನಮ್ಮಪ್ಪ ಕಟ್ಲಿಲ್ಲ, ಅದಕ್ಕೇ..."

ಅವನು ವೇಪಿನ ಬಾಟಲಿಯನ್ನು ಗಲ್ಲಾದ ಹಿಂದಕ್ಕೆ ಸರಿಸಿದ.

ಟೀಚರಮ್ಮನಿಗೆ ಸಮಾಧಾನವಾಯಿತು. ಮಕ್ಕಳಿಗೂ ಅರ್ಥವಾಗುವಂತೆ ಹೇಳಿದಿರಿ ಎಂದು ಹೊಗಳಿ ಕೇಕು ಒಯ್ದರು. ಬನ್ನಿನ ಹೆಂಗಸೂ ಬನ್ನು ಎತ್ತಿಕೊಂಡಳು. ಅಕ್ಕ ತಲೆಯೆತ್ತದೆ, ಕೇಕಿನ ಮೇಲೆ ಬಿಡಿಸುತ್ತಿದ್ದ ಗುಲಾಬಿಗೆ ಬೇಕಾದ್ದಕ್ಕಿಂತ ಹೆಚ್ಚೇ ಎಸಳು ಹಾಕಿದಳು.

ಅಂಗಡಿ ಖಾಲಿಯಾದಾಗ ಅವನು ಹಿಂಬಾಗಿಲತ್ತ ಹೊರಟ. ಅಕ್ಕ ಒಗೆದಿಟ್ಟ ಬಟ್ಟೆಯೊಂದನ್ನು ಅವನ ಮುಂದೆ ಹಿಡಿದಳು.

"ಇದನ್ನ ಕಟ್ಕೊಂಡು ಎಳಿ."

"ಬಟ್ಟೆ ಕಟ್ಕೊಂಡು ಎಳೆಯೋದು ಹೇಗಕ್ಕ?"

"ನಂಗೇನು ಗೊತ್ತಪ್ಪ. ಬಾಟಲಿ ಮೇಲೆ ಬರೆದಿರ್ಬೇಕು, ನೋಡು."

ಒಂದು ಕೈಯಲ್ಲಿ ವೇಪು, ಇನ್ನೊಂದರಲ್ಲಿ ಬಟ್ಟೆ ಹಿಡಿದು ಅವನು ಹೊಸ್ತಿಲಲ್ಲೇ ನಿಂತ. ಆಮೇಲೆ ವೇಪನ್ನು ಅವಳ ಐಸಿಂಗ್ ಮೇಜಿನ ಮೇಲಿಟ್ಟು, ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ, ಆಗಲೇ ಜರಡಿ ಹಿಡಿದಿಟ್ಟಿದ್ದ ಹಿಟ್ಟನ್ನು ಮತ್ತೆ ಜರಡಿ ಹಿಡಿಯತೊಡಗಿದ. ಅಕ್ಕ ಬೇಡವೆನ್ನಲಿಲ್ಲ.