ಗಿರಾಕಿಗೆ ವೈಫೈ ಕೊಟ್ಟ ದೊಡ್ಡ ಸೊಸೆ

ಒಂದೇ ಕಟ್ಟಡದಲ್ಲಿ ಎರಡು ಅಂಗಡಿ. ಈ ಕಡೆ ದೊಡ್ಡ ಸೊಸೆಯ ಫೋಟೋ ಸ್ಟುಡಿಯೋ, ಆ ಕಡೆ ಚಿಕ್ಕ ಸೊಸೆಯ ಕನ್ನಡಕದ ಅಂಗಡಿ. ನಡುವಿನ ಗೋಡೆ ತೆಳ್ಳಗಿತ್ತು. ಆ ಕಡೆ ಗಿರಾಕಿಗಳು ನಕ್ಕರೆ ಈ ಕಡೆಗೆ ಕೇಳಿಸುತ್ತಿತ್ತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಚಿಕ್ಕ ಸೊಸೆ ಮದುವೆಗೆ ಮುಂಚೆ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿದವಳು. ಅಂಗಡಿ ತೆರೆದ ಮೇಲೆ ಕಾಯುವವರಿಗೆ ಅಂತ ಪುಕ್ಕಟೆ ವೈಫೈ ಇಟ್ಟಳು. ಗಾಜು ಕೂರಿಸುವ ತನಕ ಜನ ಫೋನ್ ನೋಡುತ್ತಾ ಹಾಯಾಗಿ ಕೂರುತ್ತಿದ್ದರು. ಅತ್ತೆ ಅದನ್ನು ಕಣ್ಣಾರೆ ನೋಡಿ ಬಂದು, ದೊಡ್ಡ ಸೊಸೆಯ ಕೌಂಟರಿನ ಮುಂದೆಯೇ ಕುರ್ಚಿ ಎಳೆದುಕೊಂಡು ಕೂತರು.

"ಚಿಕ್ಕವಳು ಎಷ್ಟು ಚುರುಕು ನೋಡು! ಅವಳ ಅಂಗಡೀಲಿ ಎಷ್ಟು ಹೊತ್ತು ಕಾದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ದೊಡ್ಡ ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಇಡೀ ದಿನ ಕೂರುವುದು ಇವಳ ಸ್ಟುಡಿಯೋದಲ್ಲಿ, ಚಹಾ ಕುಡಿಯುವುದು ಇವಳ ಕೈಯಿಂದ, ಹೊಗಳುವುದು ಮಾತ್ರ ಗೋಡೆಯಾಚೆಯವಳನ್ನು. ಇದು ಯಾವ ನ್ಯಾಯ?

"ನಾವೂ ವೈಫೈ ಇಡೋಣ" ಎಂದಳು ಗಂಡನಿಗೆ. "ಅವಳದಕ್ಕಿಂತ ಒಂದು ಕೈ ಮೇಲೇ ಇರ್ಲಿ."

ಗಂಡ ಕ್ಯಾಮೆರಾದ ಲೆನ್ಸ್ ಒರೆಸುತ್ತಾ "ಹೂಂ" ಎಂದ. ಅವನು ಎಲ್ಲದಕ್ಕೂ ಹೂಂ ಅನ್ನುವವನೇ.

ಸ್ಟುಡಿಯೋದಲ್ಲಿ ಇದ್ದದ್ದು ಲಿನಕ್ಸ್ ಕಂಪ್ಯೂಟರ್. ಎಲ್ಲರ ಫೋಟೋಗಳೂ ಅದರಲ್ಲೇ ಒಂದು ಫೋಲ್ಡರಿನಲ್ಲಿದ್ದವು. ಅದರಿಂದ ಒಂದು ತಂತಿ ಒಳಕೋಣೆಗೆ, ಅಂದರೆ ಪ್ರಿಂಟರಿಗೆ ಮತ್ತು ಗಂಡನ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಗಂಡನಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ ಅಂತ ಆ ಫೋಲ್ಡರಿಗೆ ಪಾಸ್‌ವರ್ಡೇ ಇರಲಿಲ್ಲ. ಈಗ ಇನ್ನೊಂದು ತಂತಿಯನ್ನು ಕಾಯುವ ಕೋಣೆಯ ವೈಫೈ ಡಬ್ಬಕ್ಕೆ ಎಳೆದರು. ಗಿರಾಕಿ ಕೂತಲ್ಲಿಂದಲೇ ಫೋನಿನಲ್ಲಿ ಸ್ಟುಡಿಯೋದ ಪುಟ ತೆರೆದು ಫೋಟೋವನ್ನು ಕಂಪ್ಯೂಟರಿಗೆ ಕಳಿಸಬಹುದು, ಇವಳು ಪ್ರಿಂಟ್ ಹಾಕಿ ಕೊಡಬಹುದು. ಕನ್ನಡಕದವಳ ಹತ್ತಿರ ಇಂಥದ್ದೆಲ್ಲ ಎಲ್ಲಿದೆ?

ಆದರೆ ಫೋಟೋ ಬರಲಿಲ್ಲ. ಕಂಪ್ಯೂಟರಿನ ಫೈರ್‌ವಾಲ್ ತಡೆಯುತ್ತಿತ್ತು. ಫೈರ್‌ವಾಲ್ ಅಂದರೆ ಕಂಪ್ಯೂಟರಿನ ಬಾಗಿಲು ಕಾಯುವ ವ್ಯವಸ್ಥೆ. ಹೊರಗಿನಿಂದ ಏನು ಒಳಗೆ ಬರಬಹುದು, ಏನು ಬರಬಾರದು ಎಂದು ಅದು ನೋಡಿಕೊಳ್ಳುತ್ತದೆ. ದೊಡ್ಡ ಸೊಸೆ ಅದರ ಕಿಟಕಿ ತೆರೆದಳು. ಅಲ್ಲಿ ವಲಯಗಳ ಹೆಸರುಗಳಿದ್ದವು: ಡ್ರಾಪ್, ಬ್ಲಾಕ್, ಪಬ್ಲಿಕ್, ಇಂಟರ್ನಲ್, ಟ್ರಸ್ಟೆಡ್. ಸಿನಿಮಾ ಮಂದಿರದ ಸೀಟುಗಳ ದರ್ಜೆ ನೋಡಿದ ಹಾಗೆ ಅವಳು ಅವನ್ನು ಒಂದೊಂದಾಗಿ ನೋಡಿದಳು. ಕನ್ನಡಕದವಳು ತನ್ನ ಗಿರಾಕಿಗಳ ವೈಫೈಯನ್ನು ಪಬ್ಲಿಕ್‌ನಲ್ಲಿ ಇಟ್ಟಿದ್ದನ್ನು ಒಮ್ಮೆ ಅವಳ ಹೆಗಲ ಮೇಲಿಂದ ಇಣುಕಿ ನೋಡಿದ್ದು ನೆನಪಾಯಿತು.

"ಮನೆಬಾಗಿಲಿಗೆ ಬಂದ ಗಿರಾಕೀನ ಬೀದಿಯವರ ಥರ ಪಬ್ಲಿಕ್‌ನಲ್ಲಿ ನಿಲ್ಲಿಸೋದಾ?" ಎಂದು ಮೂಗು ಮುರಿದಳು. "ಅವಳಿಗೆ ಮರ್ಯಾದೆ ಗೊತ್ತಿಲ್ಲ. ನಮ್ಮ ಗಿರಾಕಿಗಳು ನಂಬಿಕಸ್ತರು."

ಕಾಯುವ ಕೋಣೆಯ ತಂತಿಯನ್ನು ಟ್ರಸ್ಟೆಡ್ ವಲಯಕ್ಕೆ ಹಾಕಿ ಉಳಿಸಿಬಿಟ್ಟಳು. ತಕ್ಷಣ ಫೋಟೋ ಬಂತು. ಅತ್ತೆ "ಪರವಾಗಿಲ್ವೇ!" ಎಂದರು. ಆ ಒಂದು ಮಾತಿಗೆ ಅವಳು ಎಷ್ಟು ಹಿಗ್ಗಿದಳೆಂದರೆ ಸಂಜೆಯ ತನಕ ಕಾಲು ನೆಲಕ್ಕೆ ತಾಗಲಿಲ್ಲ.

ಚಿಕ್ಕ ಸೊಸೆ ಸುದ್ದಿ ಕೇಳಿ ಬಂದಳು. "ಅಕ್ಕ, ವೈಫೈ ತಂತಿ ಯಾವ ವಲಯದಲ್ಲಿ ಇಟ್ಟಿದೀರಾ?"

"ನಿಂದಕ್ಕಿಂತ ಮೇಲಿಂದ್ರಲ್ಲಿ."

"ಅದ್ರಲ್ಲಿ ಮೇಲಿಂದು ಕೆಳಗಿಂದು ಅಂತ ಇಲ್ಲ ಅಕ್ಕ. ಒಂದ್ಸಲ ನೋಡ್ಲಾ?"

"ನಿನ್ನ ಅಂಗಡೀಲಿ ಜನ ಕಾಯ್ತಿದಾರೆ, ಹೋಗಮ್ಮ."

ಸ್ಟುಡಿಯೋಕ್ಕೆ ಹಳೆಯ ಗಿರಾಕಿ ಒಬ್ಬರಿದ್ದರು. ಬಟ್ಟೆ ಹೊಲಿಯುವವರು, ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಇಸ್ತ್ರಿಯ ಬಿಸಿ ಹಬೆ ಬಡಿದು ಅವರ ಹೆಗಲು, ಬೆನ್ನು ಸುಟ್ಟಿತ್ತು. ಗಾಯ ಹೇಗೆ ಮಾಯುತ್ತಿದೆ ಎಂದು ನೋಡಲು ಡಾಕ್ಟರು ಆಗಾಗ ಫೋಟೋ ಕೇಳುತ್ತಿದ್ದರು. ಟೈಲರಮ್ಮ ಬೇರೆ ಯಾರ ಮುಂದೆಯೂ ಹೆಗಲ ಬಟ್ಟೆ ಸರಿಸುವವರಲ್ಲ. ಒಳಕೋಣೆಯ ಬಾಗಿಲು ಹಾಕಿಕೊಂಡು ದೊಡ್ಡ ಸೊಸೆಯೇ ಫೋಟೋ ತೆಗೆಯುತ್ತಿದ್ದಳು. ಅವರ ಈ ನಂಬಿಕೆ ಅವಳಿಗೆ ಹೆಮ್ಮೆಯ ವಿಷಯ. ಅದನ್ನು ಯಾವ ಕನ್ನಡಕದವಳೂ ಕಿತ್ತುಕೊಳ್ಳಲಾರಳು ಎಂದುಕೊಂಡಿದ್ದಳು.

ಆ ದಿನ ಟೈಲರಮ್ಮ ಕಾಯುವ ಕೋಣೆಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಎಲೆಕ್ಟ್ರಿಷಿಯನ್ ಒಬ್ಬ ತನ್ನ ಫೋಟೋ ಕಳಿಸಲು ಫೋನ್ ಒತ್ತುತ್ತಿದ್ದ. ಎಲ್ಲೋ ಏನೋ ಒತ್ತಿದ. ಒಂದು ಫೋಲ್ಡರ್ ತೆರೆದುಕೊಂಡಿತು.

"ಅಕ್ಕಾ, ಇದ್ಯಾರ್ದೋ ಫೋಟೋ ಎಲ್ಲ ನನ್ನ ಫೋನಲ್ಲಿ ಬರ್ತಿದೆ" ಎಂದ ಕೌಂಟರಿನಲ್ಲಿದ್ದ ದೊಡ್ಡ ಸೊಸೆಗೆ, ಪಾಪ, ಏನೂ ಅರಿಯದೆ.

ಟೈಲರಮ್ಮ ಬಗ್ಗಿ ನೋಡಿದರು. ಅವರದೇ ಬೆನ್ನು.

ಅವರು ಕಿರುಚಲಿಲ್ಲ. ಶಾಲನ್ನು ಕುತ್ತಿಗೆಯ ತನಕ ಎಳೆದುಕೊಂಡು ಎದ್ದು ನಿಂತರು. "ನೋಡಮ್ಮ, ಬಾಗಿಲು ಹಾಕಿದೀಯ ಅಂತ ನಂಬಿದ್ದೆ. ನಾಳೆ ಬೆಳಗ್ಗೆ ಬರ್ತೀನಿ. ಅಷ್ಟ್ರಲ್ಲಿ ಇದು ಸರಿಹೋಗಿದ್ರೆ ಸರಿ. ಇಲ್ದಿದ್ರೆ ನನ್ನ ಫೋಟೋ ಎಲ್ಲ ಅಳಿಸಿಬಿಡು. ಡಾಕ್ಟ್ರಿಗೆ ನಾನೇ ಏನಾದ್ರೂ ಹೇಳ್ಕೋತೀನಿ."

ಎಲೆಕ್ಟ್ರಿಷಿಯನ್ ಕೂಡ ಫೋನ್ ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿ ಹೊರಟುಹೋದ. ಹೊಟ್ಟೆಕಿಚ್ಚು ಎಂಥದ್ದು ನೋಡಿ, ದೊಡ್ಡ ಸೊಸೆಯ ಬಾಯಿಗೆ ಮೊದಲು ಬಂದ ಮಾತು ಇದು: "ಗೋಡೆ ಆಚೆಯವಳೇ ಏನೋ ಮಾಡಿದಾಳೆ! ನಮ್ಮ ಸ್ಟುಡಿಯೋ ನಡೆಯೋದು ಅವಳಿಗೆ ಬೇಕಿಲ್ಲ."

"ಅವಳನ್ನೇ ಕರೆದು ಕೇಳೋಣ" ಎಂದರು ಅತ್ತೆ. ಅವರೇ ಎದ್ದು ಹೋಗಿ ಕರೆತಂದರು.

ಚಿಕ್ಕ ಸೊಸೆ ಕಂಪ್ಯೂಟರ್ ನೋಡಿದಳು. ಆಪಾದನೆ ಕಿವಿಗೆ ಬಿದ್ದಿದ್ದರೂ ಬೀಳದವಳ ಹಾಗಿದ್ದಳು. ಅದು ದೊಡ್ಡ ಸೊಸೆಯನ್ನು ಇನ್ನಷ್ಟು ಉರಿಸಿತು.

"ಅಕ್ಕ, ಟ್ರಸ್ಟೆಡ್ ವಲಯದಲ್ಲಿ ಏನು ಬಂದ್ರೂ ತಡೆ ಇಲ್ಲ. ಎಲ್ಲ ಬಾಗಿಲೂ ತೆರೆದಿರುತ್ತೆ. ಅದಕ್ಕೇ ಆ ಫೋಲ್ಡರ್ ಸಿಕ್ಕಿದ್ದು."

"ನಮ್ಮ ಗಿರಾಕಿಗಳೇನು ಕಳ್ಳರಾ?"

"ಕಳ್ಳರಲ್ಲ. ಬಂದೋರನ್ನ ಹೊರಗಿನ ಕೋಣೇಲಿ ಕೂರಿಸ್ತೀರಿ, ಫ್ಯಾನ್ ಹಾಕ್ತೀರಿ, ನೀರು ಕೊಡ್ತೀರಿ. ಅಷ್ಟು ಮರ್ಯಾದೆ ಸಾಕಲ್ವಾ? ಅದಕ್ಕೋಸ್ಕರ ಬಟ್ಟೆ ಬದಲಾಯಿಸೋ ಕೋಣೆ ಬಾಗಿಲು ತೆಗೆದಿಡ್ತೀರಾ?"

ಅತ್ತೆ "ಛೇ ಛೇ" ಎಂದರು. ಚಿಕ್ಕ ಸೊಸೆ ಪರದೆಯತ್ತ ಬೆರಳು ತೋರಿಸಿದಳು.

"ವಲಯ ಅಂದ್ರೆ ಇಷ್ಟೇ. ಯಾವ ತಂತಿಯಿಂದ ಬಂದೋರಿಗೆ ಯಾವ ಬಾಗಿಲು ತೆರೀಬೇಕು ಅನ್ನೋ ನಿಯಮ. ಒಳಕೋಣೆ ತಂತಿ ಇಂಟರ್ನಲ್‌ನಲ್ಲಿ ಇರ್ಲಿ, ಅಲ್ಲಿ ಫೋಲ್ಡರ್ ತೆರೀಲಿ. ಕಾಯುವ ಕೋಣೆ ತಂತಿ ಪಬ್ಲಿಕ್‌ಗೆ ಬರ್ಲಿ, ಅಲ್ಲಿ ಫೋಟೋ ಕಳಿಸೋ ಪುಟಕ್ಕೆ ಮಾತ್ರ ದಾರಿ ಬಿಡಿ. ಬೇರೆ ಏನೂ ಬೇಡ. ಫೋಲ್ಡರಿಗೆ ಒಂದು ಪಾಸ್‌ವರ್ಡೂ ಇಡಿ."

ದೊಡ್ಡ ಸೊಸೆ ತಾನೇ ಕೀಬೋರ್ಡ್ ಎಳೆದುಕೊಂಡಳು. ಚಿಕ್ಕವಳ ಕೈಯಿಂದ ಮಾಡಿಸಿದರೆ ನಾಳೆ ಬೀದಿಯೆಲ್ಲ ಅವಳದೇ ಹೊಗಳಿಕೆ. ತಂತಿಯನ್ನು ಪಬ್ಲಿಕ್‌ಗೆ ಹಾಕಿದಳು, ಫೋಟೋ ಪುಟಕ್ಕೆ ದಾರಿ ಬಿಟ್ಟಳು. ಅತ್ತೆಯ ಫೋನಿನಿಂದ ನೋಡಿದರು. ಫೋಲ್ಡರ್ ಕಾಣಲಿಲ್ಲ, ಫೋಟೋ ಮಾತ್ರ ಬಂತು.

"ಅಕ್ಕ, ಇನ್ನೊಂದಿದೆ. ಇದು ಈಗ..."

"ಸಾಕು ಬಿಡು, ಗೊತ್ತಾಯ್ತು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಚಿಕ್ಕ ಸೊಸೆ ಅರ್ಧಕ್ಕೇ ಬಾಯಿ ಮುಚ್ಚಿಕೊಂಡು ಹೊರಟಳು. ಪಾಸ್‌ವರ್ಡ್ ಇಡುವ ಮಾತೂ ಆ ಗಡಿಬಿಡಿಯಲ್ಲಿ ಹಾಗೇ ಉಳಿಯಿತು.

ಬೆಳಗ್ಗೆ ದೊಡ್ಡ ಸೊಸೆ ರಾತ್ರಿ ಆರಿಸಿದ್ದ ಕಂಪ್ಯೂಟರ್ ಹಾಕಿದಳು. ಟೈಲರಮ್ಮ ಬರುವ ಮುಂಚೆ ಇನ್ನೊಮ್ಮೆ ನೋಡೋಣ ಎಂದು ಕಾಯುವ ಕೋಣೆಯಲ್ಲಿ ಕೂತು ಫೋನ್ ಒತ್ತಿದಳು. ಫೋಲ್ಡರ್ ತೆರೆದುಕೊಂಡಿತು. ಅದೇ ಹೆಗಲು, ಅದೇ ಬೆನ್ನು.

ಹೊರಗೆ ಬೀದಿಯ ತುದಿಯಲ್ಲಿ ಟೈಲರಮ್ಮನ ಶಾಲು ಕಾಣಿಸುತ್ತಿತ್ತು. ಗೋಡೆಯಾಚೆ ಚಿಕ್ಕ ಸೊಸೆ ಶಟರ್ ಎತ್ತುವ ಸದ್ದು. ಕರೆಯಬೇಕೋ ಬೇಡವೋ? ಕರೆದರೆ ಸೋತ ಹಾಗೆ. ಕರೆಯದಿದ್ದರೆ ಒಬ್ಬ ಹೆಂಗಸಿನ ಮಾನ ಇನ್ನೊಂದು ಸಲ ಬೀದಿಗೆ. ದೊಡ್ಡ ಸೊಸೆ ಹಲ್ಲು ಕಚ್ಚಿಕೊಂಡು ಓಡಿದಳು.

"ಬಾರೇ ಬೇಗ. ಮತ್ತೆ ತೆರೆದುಕೊಂಡಿದೆ."

ಚಿಕ್ಕ ಸೊಸೆ ಕೀಲಿಕೈ ಕೈಯಲ್ಲಿ ಹಿಡಿದುಕೊಂಡೇ ಬಂದಳು. "ನಿನ್ನೆ ಹೇಳೋಕೆ ಬಿಡ್ಲಿಲ್ಲ ನೀವು. ಹೀಗೆ ಬದಲಾಯಿಸಿದ್ದು ಕಂಪ್ಯೂಟರ್ ಓಡ್ತಿರೋ ತನಕ ಮಾತ್ರ. ಆರಿಸಿ ಹಾಕಿದ್ರೆ ಹಿಂದೆ ಉಳಿಸಿದ್ದೇ ವಾಪಸ್ ಬರುತ್ತೆ. ಸರಿ ಇದೆ ಅಂತ ಗೊತ್ತಾದ ಮೇಲೆ ಪರ್ಮನೆಂಟ್ ಅಂತ ಉಳಿಸ್ಬೇಕು."

"ಹೇಳ್ಬಾರ್ದಿತ್ತೇನೇ ಗಟ್ಟಿಯಾಗಿ?"

"ಗಟ್ಟಿಯಾಗಿ ಹೇಳಿದ್ರೆ ಅತ್ತೆ ಎದುರು ಮೆರೀತಾಳೆ ಅಂತೀರಿ." ಚಿಕ್ಕ ಸೊಸೆಯ ದನಿ ಮೊದಲ ಸಲ ನಡುಗಿತು. "ಅತ್ತೆ ದಿನಾ ನಿಮ್ಮ ಹತ್ರಾನೇ ಕೂತಿರ್ತಾರೆ. ನನ್ನ ಅಂಗಡಿಗೆ ಬಂದ್ರೂ ನಿಂತೇ ಹೋಗ್ತಾರೆ. ನನಗೂ ಹೊಟ್ಟೆ ಉರಿಯುತ್ತೆ ಅಕ್ಕ."

ದೊಡ್ಡ ಸೊಸೆ ಅವಳ ಮುಖ ನೋಡಿದಳು. ಇವಳಿಗೂ ಹೊಟ್ಟೆಕಿಚ್ಚು ಅಂತ ಗೊತ್ತಾಗಿ ಒಂದು ಕಡೆ ಸಮಾಧಾನವಾಯಿತು. ನಾಚಿಕೆಯೂ ಆಯಿತು. ಸಮಾಧಾನವೇ ಸ್ವಲ್ಪ ಜಾಸ್ತಿ.

"ಸರಿ, ಹೇಳು. ಈ ಸಲ ಪೂರ್ತಿ ಹೇಳು."

ಒಬ್ಬಳು ಹೇಳಿದಳು, ಇನ್ನೊಬ್ಬಳು ಒತ್ತಿದಳು. ತಂತಿ ಪಬ್ಲಿಕ್‌ಗೆ, ಫೋಟೋ ಪುಟಕ್ಕೆ ಮಾತ್ರ ದಾರಿ, ಫೋಲ್ಡರಿಗೆ ಪಾಸ್‌ವರ್ಡ್, ಎಲ್ಲವನ್ನೂ ಪರ್ಮನೆಂಟ್ ಆಗಿ ಉಳಿಸಿದ್ದಾಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು. ಅದು ಎದ್ದು ಕೂರುವ ಹೊತ್ತಿಗೆ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದರು.

"ನೀವೇ ನೋಡಿ" ಎಂದಳು ದೊಡ್ಡ ಸೊಸೆ.

ಟೈಲರಮ್ಮ ಕಾಯುವ ಕೋಣೆಯಲ್ಲಿ ಕೂತು ತಮ್ಮ ಫೋನಿನಲ್ಲಿ ಹುಡುಕಿದರು. ಫೋಟೋ ಕಳಿಸುವ ಪುಟ ಬಂತು. ಫೋಲ್ಡರ್ ಎಲ್ಲಿಯೂ ಇಲ್ಲ. ಬಿಡದೆ ಇನ್ನೊಮ್ಮೆ ಹುಡುಕಿದರು. ಇಲ್ಲ.

"ಯಾರು ಸರಿಮಾಡಿದ್ದು?"

ದೊಡ್ಡ ಸೊಸೆಗೆ 'ನಾನೇ' ಎನ್ನಬೇಕೆನ್ನಿಸಿತು. ಒತ್ತಿದ ಕೈ ಅವಳದೇ ತಾನೇ? ಅತ್ತೆ ಬೇರೆ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, ಕಹಿ ಔಷಧಿ ನುಂಗಿದವಳ ಹಾಗೆ, "ನನ್ನ ಓರಗಿತ್ತಿ ಹೇಳಿಕೊಟ್ಲು. ತಪ್ಪು ಮಾಡಿದ್ದು ಮಾತ್ರ ನಾನು" ಎಂದಳು.

ಟೈಲರಮ್ಮ ಇಬ್ಬರನ್ನೂ ನೋಡಿದರು. ಆಮೇಲೆ ಎದ್ದು ತಾವೇ ಒಳಕೋಣೆಗೆ ಹೋದರು. "ಬಾಮ್ಮ, ಫೋಟೋ ತೆಗಿ. ಡಾಕ್ಟ್ರು ಕಾಯ್ತಿರ್ತಾರೆ." ದೊಡ್ಡ ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಅತ್ತೆ ಚಿಕ್ಕ ಸೊಸೆಗೆ, "ನಡಿ, ನಿನ್ನ ಅಂಗಡೀಲಿ ಸ್ವಲ್ಪ ಹೊತ್ತು ಕೂರ್ತೀನಿ" ಅನ್ನುವುದು ಕೇಳಿಸಿತು. ಕ್ಯಾಮೆರಾ ಹಿಡಿದಿದ್ದ ದೊಡ್ಡ ಸೊಸೆಗೆ ಚುರ್ ಅಂದದ್ದು ನಿಜ. ಆದರೂ ಕೈ ಅಲುಗಾಡಲಿಲ್ಲ.

ಅಂಗಡಿ, ಕ್ಲಿನಿಕ್, ಸ್ಟುಡಿಯೋ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಲಿನಕ್ಸ್ ಕಂಪ್ಯೂಟರಿನ ಮುಂದೆ ಇವತ್ತೇ ಒಮ್ಮೆ ಕೂತುಕೊಳ್ಳಿ. ಟರ್ಮಿನಲ್ ಕಿಟಕಿ ತೆರೆದು firewall-cmd --get-active-zones ಎಂದು ಬರೆದು ಎಂಟರ್ ಒತ್ತಿ. ಯಾವ ತಂತಿ ಯಾವ ವಲಯದಲ್ಲಿದೆ ಎಂದು ಅದೇ ಹೇಳುತ್ತದೆ. ಗಿರಾಕಿಗಳ ವೈಫೈ ಟ್ರಸ್ಟೆಡ್‌ನಲ್ಲಿದ್ದರೆ ಪಬ್ಲಿಕ್‌ಗೆ ತನ್ನಿ. ಅಲ್ಲಿ ಬೇಕಾದಷ್ಟಕ್ಕೆ ಮಾತ್ರ ದಾರಿ ಬಿಡಿ. ಹೊರಗಿನ ಫೋನಿನಿಂದ ಪರೀಕ್ಷೆ ಮಾಡಿ, ಪರ್ಮನೆಂಟ್ ಆಗಿ ಉಳಿಸಿ, ಕಂಪ್ಯೂಟರ್ ಆರಿಸಿ ಹಾಕಿ, ಮತ್ತೆ ಪರೀಕ್ಷೆ ಮಾಡಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ. ಅವರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತಿದ್ದರೂ ಕೇಳಿ, ಅವರು ಹೇಳಿ ಮುಗಿಸುವ ತನಕ ಕೇಳಿ.