ಬೆಂಕಿಗೆ ಕಾಯಿಸಿದ ಗಿಟಾರು

ನಾನು ಒಂದು ಎಲೆಕ್ಟ್ರಿಕ್ ಗಿಟಾರು. ಕೆಂಪು ಮೈ, ಕಂದು ಕತ್ತು. ನನ್ನ ಹೊಟ್ಟೆ ಪೊಳ್ಳಲ್ಲ, ಗಟ್ಟಿ ಮರ. ಕರೆಂಟಿಲ್ಲದೆ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ವೈರು ಸಿಕ್ಕಿಸಿ ಸ್ಪೀಕರಿಗೆ ಕೊಟ್ಟು ನೋಡಿ, ಬೀದಿಗೆ ಬೀದಿಯೇ ತಿರುಗಿ ನೋಡಬೇಕು. ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬ ಪಡುವ ಹಕ್ಕನ್ನು ನಾನು ಸಂಪಾದಿಸಿದ್ದೇನೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ನನ್ನ ಮೈ ನುಣುಪು ಮಾಡಿದವರು ಹೆಂಗಸರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಮರದ ಧೂಳು ಅವರ ಎದೆಗಿಳಿಯುತ್ತಿತ್ತು. ನನ್ನ ತಲೆಯ ಮೇಲೆ ಹೊಳೆಯುವ ಅಕ್ಷರದಲ್ಲಿ ಕಂಪನಿ ಒಡೆಯನ ಹೆಸರಿದೆ. ಆ ಹೆಂಗಸರ ಹೆಸರು ನನ್ನ ಮೈಮೇಲೆ ಎಲ್ಲೂ ಇಲ್ಲ. ಲೋಕ ಹೇಗೆ ನಡೆಯುತ್ತದೆ ಎಂಬುದು ನನಗೆ ಹುಟ್ಟಿದಾಗಲೇ ತಿಳಿಯಿತು.

ಮೈಸೂರಿಗೆ ಬಂದು ಮೊದಲು ಸೇರಿದ್ದು ಒಂಟಿಕೊಪ್ಪಲಿನ ಒಂದು ದೊಡ್ಡ ಮನೆ. ಮಗನ ಹುಟ್ಟುಹಬ್ಬಕ್ಕೆ ತಂದರು. ಮಗ ಒಂದು ವಾರ ಕೆರೆದು ಬಿಟ್ಟ. ಅವನ ತಾಯಿ ನನ್ನನ್ನು ಸೋಫಾದ ಮೇಲಿನ ಗೋಡೆಗೆ ತೂಗುಹಾಕಿಸಿ, ಬಂದವರಿಗೆಲ್ಲ "ಹಾಲಿಗೆ ಒಂಥರಾ ಲುಕ್ ಬಂತು ನೋಡಿ" ಅನ್ನುತ್ತಿದ್ದರು. ಮಕ್ಕಳು ಕೈಚಾಚಿದರೆ "ಮುಟ್ಟಬೇಡ" ಎಂದು ಗದರುತ್ತಿದ್ದರು. ಯಾರೂ ಮುಟ್ಟದೆ ಬದುಕುವುದು ಎಂಥ ಶಿಕ್ಷೆ ಎಂದು ನಾನು ಕಲಿತದ್ದು ಆ ಗೋಡೆಯ ಮೇಲೆ. ಅದನ್ನು ಪುಸ್ತಕದಲ್ಲಿ ಓದಿ ತಿಳಿದವನಲ್ಲ ನಾನು.

ಮನೆಗೆ ಹೊಸ ಬಣ್ಣ ಹೊಡೆಸಿದಾಗ ನನ್ನ ಕೆಂಪು ಹೊಂದಲಿಲ್ಲವಂತೆ. ಆರ್ಕೆಸ್ಟ್ರಾದ ಸಿಲ್ವೆಸ್ಟರ್ ಕೈಗೆ ಬಂದೆ. ಅವನು ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಬೆವರಿಳಿಸಿ ನನ್ನನ್ನು ದುಡಿಸಿದ. ಬದುಕಿದೆ ಅನ್ನಿಸಿದ್ದು ಆಗಲೇ. ಆಮೇಲೆ ಎಲ್ಲ ವಾದ್ಯದ ಸದ್ದೂ ಹೊರಡಿಸುವ ಒಂದು ಕೀಬೋರ್ಡು ಬಂತು, ನನಗೂ ಸಿಲ್ವೆಸ್ಟರನಿಗೂ ಕೆಲಸ ಹೋಯಿತು. ಅವನು ನನ್ನನ್ನು ಪೆಂಡಾಲಿಗೆ ವೈರಿಂಗ್ ಮಾಡುತ್ತಿದ್ದ ನಿಂಗರಾಜುವಿನ ತೊಡೆಯ ಮೇಲಿಟ್ಟ.

"ಕರೆಂಟಿನವನು ನೀನು, ಇಟ್ಕೋ. ನನ್ನ ಮನೇಲಿ ಕೊಳೆಯೋ ಬದಲು ನಿನ್ನ ಮಗಳ ಕೈಲಿ ಕಿರುಚಲಿ."

ಹೀಗೆ ರಿಂಗ್ ರೋಡಿನಾಚೆಯ ಕಾಲೊನಿಗೆ, ಎರಡು ಕೋಣೆಯ ಒಂದು ಮನೆಗೆ ನಾನು ಬಂದೆ. ನಿಂಗರಾಜುವಿನ ಮಗಳು ಸಂಘಮಿತ್ರ, ಐದನೇ ಕ್ಲಾಸಿನ ಹುಡುಗಿ. ಎಲ್ಲರ ಬಾಯಲ್ಲೂ ಮಿತ್ರ. ನನ್ನನ್ನು ನೆಟ್ಟಗೆ ನಿಲ್ಲಿಸಿದರೆ ಅವಳ ಭುಜಕ್ಕೆ ಬರುತ್ತಿದ್ದೆ. ಪೇಂಟಿನ ಡಬ್ಬದ ಮೇಲೆ ಕೂತು ತೊಡೆಗೇರಿಸಿಕೊಂಡಳು. ಹೆಗಲ ಪಟ್ಟಿ ಮೊಣಕಾಲಿಗಿಳಿಯುತ್ತಿತ್ತು. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಅವಳ ಅವ್ವ ಕಮಲ ಅದನ್ನು ಮಡಚಿ ಹೊಲಿದು ಗಿಡ್ಡ ಮಾಡಿದಳು. ನಿಂಗರಾಜು ಸಿಲ್ವೆಸ್ಟರನ ದಪ್ಪ ತಂತಿಗಳನ್ನು ಬಿಚ್ಚಿ, ಎಳೆಯ ಬೆರಳಿಗೆ ಆಗುವಂಥ ಹಗುರ ತಂತಿ ಹಾಕಿದ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಮುಳ್ಳು ನಡುವೆ ನಿಂತು ಹಸಿರಾಗುವ ತನಕ ಒಂದೊಂದೇ ತಂತಿಯ ಬಿರಡೆ ತಿರುಗಿಸುವುದನ್ನು ಅಪ್ಪ ಮಗಳು ಒಟ್ಟಿಗೆ ಕಲಿತರು.

ಮೊದಲು ಒಂದೇ ತಂತಿ. ಆಮೇಲೆ ಎರಡು. ಬೆರಳ ತುದಿ ಕೆಂಪಾಗಿ ಮಿತ್ರಳ ಕಣ್ಣು ತುಂಬಿದಾಗಲೂ ನಿಂಗರಾಜು "ಇನ್ನೊಂದ್ಸಲ, ಇನ್ನೊಂದೇ ಸಲ" ಎಂದು ಬೆನ್ನು ಬಿಡುತ್ತಿರಲಿಲ್ಲ.

"ಬಾರಿಸೋಳು ಅವಳೋ ನೀನೋ?" ಕಮಲ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು. "ಅಷ್ಟು ಆಸೆ ಇದ್ರೆ ನೀನೇ ಕೂತ್ಕೊ ಡಬ್ಬದ ಮ್ಯಾಲೆ. ಬಾ ಮಗ, ನನ್ನ ಬೆರಳು ನೋಡು. ಸೂಜಿ ಚುಚ್ಚಿ ಚುಚ್ಚಿ ಹೆಂಗೆ ಗಟ್ಟಿಯಾಗ್ಬುಟ್ಟದೆ. ನಿಂಗೂ ಆಯ್ತದೆ. ಇವತ್ತು ಸಾಕು, ಎತ್ತಿಡು."

ಎತ್ತಿಟ್ಟು ಎದ್ದವಳು ಮರುದಿನ ತಾನೇ ಓಡಿ ಬರುತ್ತಿದ್ದಳು. ಸಾಕು ಅನ್ನುವವರೊಬ್ಬರು ಮನೆಯಲ್ಲಿದ್ದರೆ ಮಗು ಕಲಿಯುತ್ತದೆ.

ಆ ಮನೆಯಲ್ಲಿ ಇನ್ನೊಂದು ವಾದ್ಯವಿತ್ತು. ಅಟ್ಟದ ಮೇಲೆ ಗೋಣಿಚೀಲದೊಳಗೆ, ತಾತ ಚಿಕ್ಕರಂಗಯ್ಯನ ತಮಟೆ. ಊರಿನ ಗೌಡರ ಮನೆಯಲ್ಲಿ ಯಾರೇ ಸತ್ತರೂ ತಾತ ಹೋಗಿ ತಮಟೆ ಬಡಿಯಬೇಕಿತ್ತು. ಅದನ್ನು ಕೆಲಸ ಅನ್ನುತ್ತಿರಲಿಲ್ಲ, ಕಟ್ಟಳೆ ಅನ್ನುತ್ತಿದ್ದರು. ಒಮ್ಮೆ ಅವನ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಕರೆ ಬಂತು. "ಬರಾಕಿಲ್ಲ" ಅಂದ. ಆ ಒಂದು ಮಾತಿಗೆ ಊರು ಬಿಡಬೇಕಾಯಿತು. ತಮಟೆಯನ್ನು ಮಾತ್ರ ಬಿಡದೆ ಹೊತ್ತು ತಂದಿದ್ದ. ನಿಂಗರಾಜುವಿಗೆ ಅದನ್ನು ಕಂಡರೆ ಆಗದು. ಈ ಮನೆಯಲ್ಲಿ ಅದರ ಸದ್ದು ಏಳಕೂಡದು ಎಂದು ಆಣೆ ಇಟ್ಟಿದ್ದ.

ಅಷ್ಟರಲ್ಲಿ ಮಿತ್ರಳ ಶಾಲೆಯ ವಾರ್ಷಿಕೋತ್ಸವ ಬಂತು. ಅಂದು ಸಂಜೆ ಅವಳು ಬ್ಯಾಗು ಎಸೆದು, ಸಂಗೀತದ ಮಿಸ್ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದಳು. "'ನಿಮ್ಮ ತಾತ ತಮಟೆ ಹೊಡೀತಾರಂತಲ್ಲ, ನೀನು ಗೇಟ್ ಹತ್ರ ತಮಟೆ ಹೊಡೆದು ಅತಿಥಿಗಳನ್ನ ಕರ್ಕೊಂಡು ಬಾ, ನಿಮಗದು ರಕ್ತದಲ್ಲೇ ಇರುತ್ತೆ' ಅಂದ್ರು. ನಾನು ಗಿಟಾರ್ ಕಲೀತಿದೀನಿ ಅಂದೆ. 'ಸೋಮವಾರ ತಂದು ಒಂದು ಪೂರ್ತಿ ಹಾಡು ನುಡಿಸು. ಬಂದ್ರೆ ಸ್ಟೇಜು, ಇಲ್ದಿದ್ರೆ ಗೇಟು' ಅಂದ್ರು."

ತಾತ ಅಂದ: "ತಮಟೆ ತೆಪ್ಪಲ್ಲ ಕನ ರಾಜು. ಅದ ನಿಲ್ಸೋ ಜಾಗ ತೆಪ್ಪು."

"ಅದಕ್ಕೇ ಅಪ್ಪ, ಆ ಜಾಗಕ್ಕೆ ನನ್ನ ಮಗಳು ಹೋಗಕೂಡದು."

ವೀಣೆಗೆ ವೇದಿಕೆ, ತಮಟೆಗೆ ಗೇಟು. ಯಾವ ವಾದ್ಯ ಎಲ್ಲಿ ನಿಲ್ಲಬೇಕು ಎಂದು ಬರೆದಿಟ್ಟವರು ಯಾರು? ಬಾರಿಸುವವರಂತೂ ಅಲ್ಲ.

ಮಿತ್ರ ಆರಿಸಿಕೊಂಡದ್ದು ನಿಂಗರಾಜು ಸೇರಿದ್ದ ಕಾಲೊನಿಯ ಸಂಘದವರು ಮೆರವಣಿಗೆಗಳಲ್ಲಿ ಹಾಡುವ ಹಾಡು. ಅದರ ರಾಗವನ್ನು ನನ್ನ ಎರಡು ತೆಳು ತಂತಿಗಳ ಮೇಲೆ ಕೂಡಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಜಿನುಗು ಮಳೆ, ಥಂಡಿ. ಸ್ನಾನಕ್ಕೆ ಹೊರಟವಳು ಒಮ್ಮೆ ಮೀಟಿ ನೋಡಿ, "ತಾತ, ಸ್ವರ ಕೆಳಕ್ಕಿಳಿದದೆ" ಎಂದು ಹೇಳಿ ಒಳಗೆ ಹೋದಳು. ತಾತನಿಗೆ ಅಷ್ಟು ಸಾಕಾಯಿತು. ಥಂಡಿ ಹಿಡಿದ ತಮಟೆಯ ಸ್ವರ ಇಳಿದಾಗ ಹುಲ್ಲು ಹೊತ್ತಿಸಿ ಕಾಯಿಸಿದರೆ ಚರ್ಮ ಬಿಗಿದು ಸ್ವರ ಏರುತ್ತದೆ. ಜೀವಮಾನವೆಲ್ಲ ಅವನು ಮಾಡಿದ್ದು ಅದೇ. ಹಿಂಬಾಗಿಲ ಸೂರಿನಡಿ ಹುಲ್ಲುರಿ ಹಾಕಿದ. ಕೂಸಿಗೆ ಬಿಸಿ ತೋರಿಸುವಂತೆ ನನ್ನನ್ನು ಆ ಕಡೆ ಈ ಕಡೆ ಹೊರಳಿಸಿದ. ಬೆರಳಿಂದ ತಟ್ಟಿ ಕಿವಿಯಿಟ್ಟ. ಸ್ವರ ಏರಲಿಲ್ಲ, ಇನ್ನೂ ಇಳಿಯಿತು. ಕಾವು ಸಾಲದೇನೋ ಎಂದು ಮತ್ತಷ್ಟು ಹುಲ್ಲು ಹಾಕಿದ. ನನ್ನ ಬಣ್ಣ ಬೊಬ್ಬೆಯೆದ್ದಿತು. ಕತ್ತು ಬಾಗಿತು.

ನಿಂಗರಾಜು ಓಡಿ ಬಂದು ಕಿತ್ತುಕೊಂಡ. "ಏನ್ ಮಾಡ್ಬುಟ್ಟೆ ಅಪ್ಪ? ಇದೇನು ನಿನ್ನ ತಮಟೆಯಾ?"

"ಬಿಸಿ ತೋರ್ಸಿದ್ರೆ ಸ್ವರ ಬತ್ತದೆ ಅಂತ..." ತಾತ ಉರಿಯನ್ನು ಕಾಲಿಂದ ತುಳಿದು ಆರಿಸಿದ.

ಒದ್ದೆ ಕೂದಲಲ್ಲೇ ಬಂದ ಮಿತ್ರ ನನ್ನನ್ನೂ ತಾತನನ್ನೂ ನೋಡಿದಳು. ಅಳು ಬಂದಿತ್ತು, ಅಳಲಿಲ್ಲ. "ಅಪ್ಪ, ಸರಿ ಮಾಡು" ಅಂದಳು.

ನನ್ನ ಕತ್ತಿನೊಳಗೆ ಒಂದು ಉಕ್ಕಿನ ಕಂಬಿಯಿದೆ. ನಿಂಗರಾಜು ಕೀಲಿ ಹಾಕಿ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಕತ್ತು ಮುಕ್ಕಾಲುಪಾಲು ನೆಟ್ಟಗಾಯಿತು. ಆದರೆ ತೆಳು ತಂತಿಗಳೆರಡೂ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ತಾಗಿ ಗರಗರ ಎಂದವು. ಬೇರೆ ದಾರಿಯಿಲ್ಲದೆ ಎರಡನ್ನೂ ಬಿಚ್ಚಿದ. ಆರರಲ್ಲಿ ಉಳಿದದ್ದು ದಪ್ಪಗಿನ ನಾಲ್ಕು ತಂತಿ. ಕಲಿತ ರಾಗ ತಂತಿಯ ಜೊತೆಗೇ ಹೋಗಿತ್ತು.

ಮಿತ್ರ ಡಬ್ಬದ ಮೇಲೆ ಕೂತು ದಪ್ಪ ತಂತಿಗಳಲ್ಲಿ ಎರಡೆರಡನ್ನು ಒಟ್ಟಿಗೆ ಒತ್ತಿ ಅದೇ ಹಾಡು ಹುಡುಕಿದಳು. ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಲಯ ಮಾತ್ರ ಹಿಡಿತಕ್ಕೆ ಬರುತ್ತಿರಲಿಲ್ಲ. ಆಗ ತಾತ ಹಿಂದೆ ಬಂದು ಕೂತು ಅವಳ ಬೆನ್ನ ಮೇಲೆ ಎರಡು ಬೆರಳಿಂದ ತಟ್ಟತೊಡಗಿದ. ಬಾಯಲ್ಲಿ ಮೆಲ್ಲಗೆ, "ಜಗ್ಗ ಣಕ, ಜಗ್ಗ ಣಕ." ತಮಟೆಯ ನಡೆ. ಆಣೆ ಇಟ್ಟಿದ್ದ ನಿಂಗರಾಜು ಕೀಲಿ ಹಿಡಿದು ನಿಂತೇ ಇದ್ದ. ತಡೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ಕಾಲೂ ತಾಳ ಹಾಕುತ್ತಿತ್ತು.

ಶಾಲೆಯಲ್ಲಿ ಮಿಸ್ ನನ್ನ ಸುಟ್ಟ ಮೈ ನೋಡಿ ಮುಖ ಕಿವುಚಿದರು. "ಇದು ನುಡಿಯುತ್ತಾ?" ಮಿತ್ರ ಶಾಲೆಯ ಸ್ಪೀಕರಿಗೆ ವೈರು ಸಿಕ್ಕಿಸಿದಳು. ನನ್ನ ಬದುಕಿನಲ್ಲಿ ಅಂಥ ದನಿ ನಾನು ಹಿಂದೆಂದೂ ತೆಗೆದಿರಲಿಲ್ಲ. ಕಿಟಕಿಯ ಗಾಜುಗಳು ಝಲ್ಲೆಂದವು. ಪಕ್ಕದ ಕ್ಲಾಸಿನ ಮಕ್ಕಳು ಬಾಗಿಲಿಗೆ ಬಂದು ಮುತ್ತಿಕೊಂಡರು. ಹಾಡು ಪೂರ್ತಿ ಮುಗಿಯಿತು.

"ಸರಿ, ಸ್ಟೇಜಿಗೆ ಹಾಕೋಣ," ಅಂದರು ಮಿಸ್. "ಆದ್ರೂ ಗೇಟಿಗೆ ನಿಮ್ಮ ತಾತ ಬಂದು ತಮಟೆ..."

"ಅವರು ನಂದು ಕೇಳೋಕೆ ಬತ್ತಾರೆ ಮಿಸ್."

ವಾರ್ಷಿಕೋತ್ಸವದ ದಿನ ತಾತ ಬಿಳಿ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತ. ಸಮಾರಂಭಗಳಲ್ಲಿ ಅವನು ಜೀವಮಾನವಿಡೀ ನಿಂತವನು. ಯಾರೋ ಬಂದು, "ಏಳಜ್ಜ, ಇದು ಗಣ್ಯರ ಸೀಟು" ಅಂದರು.

"ನಾನೂ ಗಣ್ಯನೇ ಕನಪ್ಪ. ಮ್ಯಾಲೆ ನಿಂತವಳು ನನ್ನ ಮೊಮ್ಮಗಳು."

ಅವನು ಏಳಲಿಲ್ಲ. ಹಾಡು ಮುಗಿಯುವ ತನಕ ಕಾಲ ಮೇಲೆ ಕಾಲು ಹಾಕಿ ಕೂತು ಕೇಳಿದ. ವೇದಿಕೆಯಿಂದ ನಾನು ಅದನ್ನು ಕಣ್ಣಾರೆ ಕಂಡೆ.

ಈಗ ನನಗೆ ವಯಸ್ಸಾಗಿದೆ. ಮಿತ್ರ ಕಾಲೇಜು ಸೇರಿದ್ದಾಳೆ, ಅವಳ ಹೆಗಲಿಗೆ ಬೇರೆ ಗಿಟಾರು ಬಂದಿದೆ. ತಾತ ಇಲ್ಲ. ಕಾಲೊನಿಯ ಓದುಮನೆಯ ಮೂಲೆಯಲ್ಲಿ, ಪುಸ್ತಕದ ಕಪಾಟಿನ ಪಕ್ಕ ನನ್ನ ಜಾಗ. ದೊಡ್ಡ ಕಲಾವಿದರ ಕೈ ನಾನು ಸೇರಲಿಲ್ಲ, ಅದಕ್ಕೆ ದುಃಖವೂ ಇಲ್ಲ. ತಾನು ಎಲ್ಲಿ ನಿಲ್ಲಬೇಕೆಂದು ಒಬ್ಬ ಹುಡುಗಿ ತಾನೇ ತೀರ್ಮಾನಿಸಿದಾಗ ಅವಳ ಹೆಗಲಲ್ಲಿ ಇದ್ದವನು ನಾನು. ಇಷ್ಟು ಹೇಳಿಕೊಳ್ಳಬಲ್ಲ ವಾದ್ಯಗಳು ಅರಮನೆಯಲ್ಲೂ ಎಷ್ಟಿವೆಯೋ ಕಾಣೆ.

ಶನಿವಾರಗಳಲ್ಲಿ ಮಿತ್ರ ಇಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾಳೆ. ಮೊನ್ನೆ ಹೊಸದಾಗಿ ಬಂದ ಪುಟ್ಟ ಹುಡುಗಿಯೊಬ್ಬಳು ಎಲ್ಲ ತಂತಿಯನ್ನೂ ಒಮ್ಮೆಲೇ ಬಾರಿಸಿ, ಎದ್ದ ಸದ್ದಿಗೆ ತಾನೇ ಬೆಚ್ಚಿ, ಯಾರು ಬೈಯುತ್ತಾರೋ ಎಂದು ಸುತ್ತ ನೋಡಿದಳು. ಯಾರೂ ಬೈಯಲಿಲ್ಲ. ಮತ್ತೆ ಬಾರಿಸಿದಳು, ಈ ಸಲ ಇನ್ನೂ ಜೋರಾಗಿ.